ಮಕ್ಕಳ ದಮ್ಮಿನ ಬೇನೆಯೂ ಗೃಹಸ್ಥರ ಕರ್ತವ್ಯವೂ

ಅನ್ನವಿಲ್ಲದೆ ಮನುಷ್ಯನು ಕೆಲವು ವಾರ ಜೀವಿಸಬಹುದು. ನೀರಿಲ್ಲದೆ ಕೆಲವು ದಿನ ಕಳೆಯಬಹುದು. ಉಸಿರಿಲ್ಲದೆ ಮಾತ್ರ ಕೆಲವೇ ನಿಮಿಷ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ ಸರಿ. ಆದರೂ ಉಸಿರಿನ ಬೆಲೆ ಎಷ್ಟೆಂಬುದು, ಏಳೆಂಟು ವರ್ಷದ ಕೂಸು ನಡುರಾತ್ರಿಯಲ್ಲಿ ಹಾಸಿಗೆಯ ಮೇಲೆದ್ದು ಕುಳಿತು, ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿ, ಹೆಗಲುಗಳನ್ನೆತ್ತಿ, ಒಂದೊಂದು ಉಸಿರನ್ನೂ ಆಳವಾದ ಬಾವಿಯಿಂದ ಕೊಡ ಸೇದಿದಂತೆ ಸೇದುವದನ್ನು ಕಣ್ಣಾರೆ ಕಂಡ ತಾಯಿತಂದೆಗಳಿಗಷ್ಟೇ ತಿಳಿದೀತು.

ಈ ಬೇನೆಗೆ ನಮ್ಮ ಚಿಕ್ಕೋಡಿ ಸೀಮೆಯಲ್ಲಿ ದಮ್ಮು ಎನ್ನುವರು. ಗೂರಲು, ಉಬ್ಬಸ ಎಂಬ ಹೆಸರುಗಳೂ ಉಂಟು. ವೈದ್ಯರ ಬಾಯಿಯಿಂದ ಬಂದ ಅಸ್ತಮಾ ಎಂಬ ಮಾತು ಈಗ ಹಳ್ಳಿಹಳ್ಳಿಗೂ ತಿಳಿದಿದೆ. ನಾವು ವೈದ್ಯರಲ್ಲ, ಮೂವತ್ತು ವರ್ಷಗಳಿಗೂ ಮಿಕ್ಕಿ ಸಾಲೆಯಲ್ಲಿ ಕನ್ನಡ ಸಂಸ್ಕೃತಗಳನ್ನು ಕಲಿಸಿ, ನಿವೃತ್ತರಾಗಿ ಕರೋಶಿಯಲ್ಲಿ ಕುಳಿತವರು. ವೈದ್ಯರ ವಿಷಯದಲ್ಲಿ ನಾವೇಕೆ ಕೈಯಿಟ್ಟೆವೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ನಿವೇದಿಸುವೆವು.

2009ನೇ ಇಸವಿಯ ಮಾತು. ನಮ್ಮ ಸಾಲೆಯಲ್ಲಿ ಆರನೇ ಇಯತ್ತೆಯ ಒಬ್ಬ ಹುಡುಗನಿಗೆ ದಮ್ಮಿನ ಬೇನೆಯಿತ್ತು. ಅವನ ತಂದೆ ಕಬ್ಬಿನ ಗಾಡಿ ಹೊಡೆಯುವವನು. ಓದು ಬರಹ ಬಲ್ಲವನಲ್ಲ. ಒಂದು ಸಂಜೆ ಆತನು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಕೇಳಿದನು: "ಸರ್, ಡಾಕ್ಟರ ಈ ಪಂಪ ದಿನಾ ಎರಡ ಸಲ ಎಳೀಬೇಕ ಅಂದಾರ್ರಿ. ಹುಡುಗ ಈಗ ಚಂದ ಅದಾನು. ಹಿಂಗ ಎಳಕೋತ ಹೋದ್ರ ಚಟಾ ಬೀಳತೈತೇನೋ ಅಂತ ಹೆದರಿಕಿ ರೀ. ನೀವು ಓದಿದವ್ರ, ಏನ ಮಾಡೂಣ ಹೇಳ್ರಿ."

"ಆರಾಮ ಆದ ಮ್ಯಾಲೆ ಔಷಧ ಯಾಕ ಬೇಕಪಾ? ಬಿಡಸ್ ಅದನ್ನ" ಎಂದೆವು. ಮೇಲಾಗಿ ಶುಂಠಿ, ಜೇನು, ಬಿಸಿನೀರುಗಳ ಉಪದೇಶವನ್ನೂ ಮಾಡಿದೆವು. ಓದಿದವರ ಮಾತೆಂದು ಆತನು ಅದನ್ನು ನಂಬಿದನು.

ಒಂದೂವರೆ ತಿಂಗಳು ಹುಡುಗನು ನೆಟ್ಟಗಿದ್ದನು. ನಮ್ಮ ಮಾತು ಸರಿಯಾಯಿತೆಂದು ನಾವೂ ಹಿಗ್ಗಿದೆವು. ಅಷ್ಟರಲ್ಲಿ ಕಬ್ಬಿನ ಹಂಗಾಮು ಬಂತು; ಕಡಿದ ಹೊಲಗಳಲ್ಲಿ ರವದಿ ಸುಡುವ ಹೊಗೆ ಸಂಜೆಯಾಗುತ್ತಲೇ ಊರ ಮೇಲೆ ಇಳಿಯತೊಡಗಿತು. ಒಂದು ರಾತ್ರಿ ಹುಡುಗನಿಗೆ ಉಸಿರು ಕಟ್ಟಿತು. ನೆರೆಯವರ ಟೆಂಪೋದಲ್ಲಿ ಚಿಕ್ಕೋಡಿಗೆ ಒಯ್ಯುವಾಗ ನಾವೂ ಜೊತೆಗಿದ್ದೆವು. ಅವನ ತುಟಿಗಳು ನೀಲಿಗಟ್ಟಿದ್ದವು, ಮಾತು ನಿಂತಿತ್ತು. ದೈವಕೃಪೆಯಿಂದಲೂ ವೈದ್ಯರ ಶ್ರಮದಿಂದಲೂ ಪ್ರಾಣವುಳಿಯಿತು. ಬೆಳಗಿನ ಜಾವ ವೈದ್ಯರು ಹೊರಗೆ ಬಂದು, "ದಿನಾ ಎಳಿಯೂ ಪಂಪ ಯಾರು ಬಿಡಿಸಿದ್ರು?" ಎಂದು ಕೇಳಿದರು. ತಂದೆಯು ನಮ್ಮ ಮುಖವನ್ನು ಸಹ ನೋಡದೆ, "ನಾನಽ ಬಿಡಿಸಿದ್ನಿರಿ. ಹುಡುಗ ಚಂದ ಆಗಿದ್ದ, ತಿಳೀಲಿಲ್ಲ" ಎಂದನು. ನಾವು ಪಕ್ಕದಲ್ಲಿಯೇ ನಿಂತಿದ್ದೆವು. ಬಾಯಿ ತೆರೆಯಲಿಲ್ಲ. ಆ ಮೌನದ ಸಾಲವನ್ನು ಅಷ್ಟಿಷ್ಟಾದರೂ ತೀರಿಸುವದಕ್ಕಾಗಿ ಈ ಲೇಖನ.

ನಾಚಿಕೆಯ ಸಂಗತಿಯೇನೆಂದರೆ, ನಾವು ಮಾಡಿದ ತಪ್ಪಿಗೆ ಉತ್ತರವು ನಾವು ಓದಿದ ಗ್ರಂಥಗಳಲ್ಲಿಯೇ ಇತ್ತು. ಚರಕಸಂಹಿತೆಯು ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದು ಬಗೆಯಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ತಮಕಶ್ವಾಸದ ವರ್ಣನೆಯು ಇಂದಿನ ಅಸ್ತಮಾಕ್ಕೆ ಬಹುಮಟ್ಟಿಗೆ ಹೊಂದುವದು: ರೋಗಿಯು ಮಲಗಲಾರನು, ಕುಳಿತರೆ ಕೊಂಚ ಸುಖ; ಮೋಡ, ತಂಪು, ಮೂಡಗಾಳಿಗಳಿಂದ ಬೇನೆ ಹೆಚ್ಚುವದು. ಈ ತಮಕಶ್ವಾಸವನ್ನು ಚರಕನು ಯಾಪ್ಯವೆಂದು ಕರೆದನು. ಹೊಸದಾಗಿ ಹತ್ತಿದ್ದಾದರೆ ಮಾತ್ರ ಸಾಧ್ಯವಾದೀತೆಂದನು. ಯಾಪ್ಯವೆಂದರೆ ಪೂರ್ಣ ಗುಣವಾಗುವ ಸಾಧ್ಯವೂ ಅಲ್ಲ, ಕೈಬಿಡಬೇಕಾದ ಅಸಾಧ್ಯವೂ ಅಲ್ಲ. ಉಪಚಾರ ನಡೆದಿರುವವರೆಗೆ ಹಿಡಿತದಲ್ಲಿರುವದು, ನಿಲ್ಲಿಸಿದರೆ ಕೆರಳುವದು. ಸುಶ್ರುತನು ಇದಕ್ಕೆ ಬೀಳಲಿರುವ ಮನೆಗೆ ಕೊಟ್ಟ ಆಸರೆಗಂಬದ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಮನೆ ನಿಂತಿದೆಯೆಂದು ಕಂಬವನ್ನು ಕಿತ್ತವನ ಗತಿಯೇನು? ನಾವು ಮಾಡಿದ್ದು ಅದನ್ನೇ. ಯಾಪ್ಯ ಎಂಬ ಶಬ್ದದ ವ್ಯುತ್ಪತ್ತಿಯನ್ನು ಬಲ್ಲ ನಮಗೆ ಅದರ ಅರ್ಥ ತಿಳಿದಿರಲಿಲ್ಲ.

ಇನ್ನು ಇಂದಿನ ವೈದ್ಯಶಾಸ್ತ್ರವು ಹೇಳುವದನ್ನು ನೋಡೋಣ. ಪುಪ್ಪುಸದೊಳಗಿನ ಶ್ವಾಸನಾಳಗಳನ್ನು ಹೊಲಕ್ಕೆ ನೀರು ಹಾಯಿಸುವ ಕಾಲುವೆಗಳೆಂದು ಭಾವಿಸಿರಿ. ದಮ್ಮಿನ ಬೇನೆಯಲ್ಲಿ ಮೂರು ಕೆಡಕುಗಳು ಕೂಡಿಯೇ ಆಗುವವು. ನಾಳದ ಸುತ್ತಲಿನ ಸ್ನಾಯುಗಳು ಬಿಗಿಯುವವು, ಒಳಗೋಡೆಯು ಬಾತುಕೊಳ್ಳುವದು, ಅಂಟಾದ ಕಫವು ಉಳಿದ ದಾರಿಯನ್ನೂ ತುಂಬುವದು. ಆದಕಾರಣ ಔಷಧಗಳೂ ಎರಡು ಬಗೆ. ಸಾಲ್ಬುಟಮಾಲ್ ಮೊದಲಾದವು ಬಿಗಿದ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುವವು. ಇವು ತತ್ಕಾಲದ ಔಷಧ. ಬುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್ ಎಂಬ ಸ್ಟಿರಾಯಿಡುಗಳು ಬಾವನ್ನು ದಿನೇ ದಿನೇ ಇಳಿಸುವವು. ಇವು ನಿತ್ಯದ ಔಷಧ. ಇವುಗಳ ಗುಣ ಕಾಣಲು ದಿನಗಳೂ ವಾರಗಳೂ ಬೇಕು. ತತ್ಕಾಲದ್ದು ಕೂಡಲೆ ಸುಖ ಕೊಡುವದರಿಂದ ಜನರು ಅದನ್ನು ನಂಬುವರು. ನಿತ್ಯದ್ದು ಸದ್ದಿಲ್ಲದೆ ಕೆಲಸ ಮಾಡುವದರಿಂದ ಅದನ್ನು ಬಿಡುವರು. ಅನರ್ಥವೆಲ್ಲ ಹುಟ್ಟುವದು ಇಲ್ಲಿಂದಲೇ. ಪಂಪುಗಳ ಬಣ್ಣ ಬೇರೆ ಬೇರೆ ಇರುವದುಂಟು. ಬಣ್ಣವನ್ನು ನಂಬದೆ ಹೆಸರನ್ನು ಓದಿ, ಯಾವದು ನಿತ್ಯದ್ದು, ಯಾವದು ತತ್ಕಾಲದ್ದು ಎಂದು ಚೀಟಿ ಅಂಟಿಸಿಡುವದು ಲೇಸು.

ಈ ಪಂಪು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. 1955ರಲ್ಲಿ ಅಮೇರಿಕೆಯ ಔಷಧ ಕಂಪನಿಯೊಂದರ ಮುಖ್ಯಸ್ಥರಾದ ಜಾರ್ಜ್ ಮೇಸನ್ ಎಂಬವರನ್ನು ದಮ್ಮಿನ ಬೇನೆಯಿಂದ ಬಳಲುತ್ತಿದ್ದ ಅವರ 13 ವರ್ಷದ ಮಗಳು, ಕೂದಲಿಗೆ ಸಿಂಪಡಿಸುವ ಡಬ್ಬಿಯಂತೆ ತನ್ನ ಔಷಧವನ್ನೂ ಡಬ್ಬಿಯಲ್ಲಿ ಏಕೆ ತುಂಬಬಾರದೆಂದು ಕೇಳಿದಳಂತೆ. ಮರುವರ್ಷವೇ, ಅಂದರೆ 1956ರಲ್ಲಿ, ಅಳತೆಯ ಪಂಪು ಬಳಕೆಗೆ ಬಂತು. 1969ರಲ್ಲಿ ಸಾಲ್ಬುಟಮಾಲ್, 1972ರಲ್ಲಿ ಸೇದುವ ಬೆಕ್ಲೊಮೆಥಾಸೋನ್ ಬಂದವು. ಒಂದು ಮಗುವಿನ ಪ್ರಶ್ನೆಯಿಂದ ಹುಟ್ಟಿದ ಸಾಧನವನ್ನು ನಮ್ಮ ಮಕ್ಕಳಿಗೆ ಕೊಡಲು ನಾವು ಅಂಜುವದು ವಿಚಿತ್ರವಲ್ಲವೇ?

ಅಂಜಿಕೆಗೆ ಎರಡು ಕಾರಣ ಹೇಳುವರು. ಒಂದು, ಚಟ ಬೀಳುವದೆಂದು. ನಿತ್ಯದ ಔಷಧವು ಚಟ ಹತ್ತಿಸುವ ವಸ್ತುವೇ ಅಲ್ಲ. ಬಿಟ್ಟಾಗ ಬೇನೆ ಮರಳುವದು ಚಟದಿಂದಲ್ಲ; ಬೇನೆಯು ಒಳಗೆ ಉಳಿದಿರುವದರಿಂದ. ಎರಡು, ಸ್ಟಿರಾಯಿಡ್ ಎಂಬ ಹೆಸರಿನ ಭಯ. ಅಮೇರಿಕೆಯಲ್ಲಿ ಮಕ್ಕಳನ್ನು ದೊಡ್ಡವರಾಗುವವರೆಗೆ ಅನುಸರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವರ್ಷಗಟ್ಟಲೆ ಬುಡೆಸೊನೈಡ್ ಸೇದಿದವರ ಎತ್ತರದಲ್ಲಿ ಸರಾಸರಿ 1.2 ಸೆಂಟಿಮೀಟರ್ ಕಡಿಮೆಯಾಯಿತು. ಇದನ್ನು ಮುಚ್ಚಿಡುವದಿಲ್ಲ. ಆದರೆ ಒಂದು ಪಾರಡಿಯಲ್ಲಿ ಬೆರಳಗಲದ ಎತ್ತರವನ್ನೂ ಇನ್ನೊಂದರಲ್ಲಿ ಮಗುವಿನ ಉಸಿರನ್ನೂ ಇಟ್ಟು ತೂಗಿರಿ. ದಮ್ಮು ಹತ್ತಿದಾಗಲೆಲ್ಲ ಮತ್ತೆ ಮತ್ತೆ ಕೊಡಿಸುವ ಸ್ಟಿರಾಯಿಡ್ ಗುಳಿಗೆ, ಸೂಜಿಗಳು ಸರ್ವಾಂಗಕ್ಕೂ ಸೇರಿ ಮಾಡುವ ಹಾನಿ ಇದಕ್ಕಿಂತ ಬಹಳ ಹೆಚ್ಚು. ಸೇದುವ ಔಷಧವಾದರೋ ಅಲ್ಪ ಪ್ರಮಾಣದಲ್ಲಿ ನೇರವಾಗಿ ಪುಪ್ಪುಸಕ್ಕೆ ಹೋಗುವದು.

ಬೇನೆಯು ಹಿಡಿತದಲ್ಲಿದೆಯೋ ಇಲ್ಲವೋ ಎಂದು ಅರಿಯುವದು ಕಷ್ಟವಲ್ಲ. ಆರು ವರ್ಷ ಮೀರಿದ ಮಗುವಿನ ಹಿಂದಿನ ನಾಲ್ಕು ವಾರಗಳನ್ನು ನೆನೆಯಿರಿ. ಹಗಲಿನಲ್ಲಿ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಕೆಮ್ಮು, ಸುಯಿಲು ಬಂದವೇ? ಒಂದು ರಾತ್ರಿಯಾದರೂ ಅದರಿಂದ ನಿದ್ದೆ ಕೆಟ್ಟಿತೇ? ತತ್ಕಾಲದ ಪಂಪು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ಓಟ ಆಟಗಳನ್ನು ಬಿಡಬೇಕಾಯಿತೇ? ನಾಲ್ಕಕ್ಕೂ ಇಲ್ಲವೆಂದರೆ ಹಿಡಿತದಲ್ಲಿದೆ; ಮೂರು ನಾಲ್ಕಕ್ಕೆ ಹೌದೆಂದರೆ ಹಿಡಿತ ತಪ್ಪಿದೆ.

ಹಿಡಿತ ತಪ್ಪಿದಾಗ ಗೃಹಸ್ಥರು ಮೊದಲು ಬಯಸುವದು ಇನ್ನೂ ಉಗ್ರವಾದ ಔಷಧವನ್ನು. ಬಲ್ಲ ವೈದ್ಯರು ಹಾಗೆ ಅವಸರಿಸುವದಿಲ್ಲ. ಹತೋಟಿಗೆ ಬಾರದ ದಮ್ಮಿನ ಬಹುಭಾಗವು ನಿಜವಾಗಿ ಉಗ್ರವಾದ ದಮ್ಮಲ್ಲ. ಎಲ್ಲಿಯೋ ಒಂದು ಲೋಪದಿಂದ ಹಟ ಹಿಡಿದ ದಮ್ಮು. ಆ ಲೋಪವನ್ನು ಹುಡುಕಲು ಐದು ಪ್ರಶ್ನೆಗಳಿವೆ.

ಮೊದಲನೆಯದು, ಇದು ದಮ್ಮೇ ಹೌದೋ? ಉಸಿರಿನ ಸೀಟಿಯೆಲ್ಲ ದಮ್ಮಲ್ಲ. ಚಿಕ್ಕ ಮಗುವಿನ ಶ್ವಾಸನಾಳದಲ್ಲಿ ಶೇಂಗಾ ಬೀಜವೊಂದು ಸಿಕ್ಕರೂ ಸೀಟಿ ಕೇಳುವದು; ಕ್ಷಯದಿಂದ ಊದಿದ ಗ್ರಂಥಿಯು ನಾಳವನ್ನು ಒತ್ತಿದರೂ ಕೇಳುವದು.

ಎರಡನೆಯದು, ಔಷಧವು ದಿನವೂ ಮಗುವಿಗೆ ಮುಟ್ಟುತ್ತಿದೆಯೋ? ಕಪಾಟಿನಲ್ಲಿದ್ದ ಪಂಪು ಯಾರನ್ನೂ ಗುಣಪಡಿಸದು. ಹತ್ತು ವರ್ಷದ ಹುಡುಗನಿಗೆ ನೀನೇ ಎಳೆದುಕೋ ಎಂದು ಒಪ್ಪಿಸಿ ಕೈತೊಳೆದುಕೊಳ್ಳಬಾರದು. ಹಿರಿಯರು ಕಣ್ಣೆದುರಿಗೆ ಎಳೆಸಬೇಕು. ಹಲ್ಲುಜ್ಜುವ ವೇಳೆಗೆ ಜೋಡಿಸಿದರೆ ಮರವೆಯಾಗದು. ಔಷಧದ ನಂತರ ಬಾಯಿ ಮುಕ್ಕಳಿಸುವ ನಿಯಮವೂ ತಾನಾಗಿ ನಡೆಯುವದು.

ಮೂರನೆಯದು, ಎಳೆಯುವ ರೀತಿ ಸರಿಯೋ? ಪಂಪನ್ನು ನೇರವಾಗಿ ಬಾಯಲ್ಲಿ ಒತ್ತಿದರೆ ಔಷಧದ ಬಹುಭಾಗವು ಗಂಟಲಿಗೆ ಬಡಿದು ವ್ಯರ್ಥವಾಗುವದು. ಆದುದರಿಂದ ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆ ಅವಶ್ಯ. ತೀರ ಚಿಕ್ಕವರಿಗೆ ಅದಕ್ಕೆ ಮುಖಕವಚವೂ ಬೇಕು. ಪಂಪನ್ನು ಅಲುಗಾಡಿಸಿ, ಕೊಳವೆಗೆ ಜೋಡಿಸಿ, ಒಂದೇ ಸಲ ಒತ್ತಿ, ಮಗುವಿಗೆ ಐದಾರು ಉಸಿರು ನಿಧಾನವಾಗಿ ಎಳೆಯಗೊಡಬೇಕು. ಎರಡನೆಯ ಒತ್ತು ಬೇಕಾದರೆ ಅರ್ಧ ನಿಮಿಷ ತಡೆದು, ಮತ್ತೆ ಅಲುಗಾಡಿಸಬೇಕು. ಕೊಳವೆಯನ್ನು ಸಾಬೂನು ನೀರಲ್ಲಿ ತೊಳೆದು ಒರಸದೆ ಗಾಳಿಗೆ ಒಣಗಿಸಬೇಕು. ಅರಿವೆಯಿಂದ ತಿಕ್ಕಿದರೆ ಔಷಧವು ಅದರ ಗೋಡೆಗೇ ಅಂಟುವದು.

ನಾಲ್ಕನೆಯದು, ಮನೆಯಲ್ಲಿ ಕೆರಳಿಸುವ ವಸ್ತುವಿದೆಯೋ? ಈ ಪ್ರಶ್ನೆ ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲುವದು. ನಿಪ್ಪಾಣಿಯು ಬೀಡಿ ತಂಬಾಕಿನ ದೊಡ್ಡ ಪೇಟೆ. ಅಲ್ಲಿಯ ವಖಾರಿಗಳಲ್ಲಿ ದುಡಿದು ಬಂದ ತಾಯಿಯ ಸೀರೆಯಲ್ಲಿ ತಂಬಾಕಿನ ಧೂಳು ಇರುವದು. ಸೀರೆ ಬದಲಿಸಿ ಕೈಮುಖ ತೊಳೆದ ನಂತರವೇ ಕೂಸನ್ನು ಎತ್ತಿಕೊಂಡರೆ ಒಳಿತು. ಅಜ್ಜನ ಬೀಡಿಯಾದರೂ ಅಷ್ಟೆ: ಅಂಗಳದಲ್ಲಿ ಸೇದಿದರೂ ಅದರ ಅಂಶವು ಅರಿವೆಯೊಡನೆ ಒಳಗೆ ಬರುವದು. 2016ರಲ್ಲಿ ಉಜ್ವಲಾ ಯೋಜನೆ ಮೊದಲಾದ ಮೇಲೆ ಬಡವರ ಮನೆಗೂ ಗ್ಯಾಸು ಬಂದಿತು, ನಿಜ. ಆದರೆ ಸ್ನಾನದ ನೀರು ಕಾಯಲು ಕಟ್ಟಿಗೆ ಕುಳ್ಳುಗಳ ಒಲೆ ಎಷ್ಟೋ ಮನೆಗಳಲ್ಲಿ ಇನ್ನೂ ಉರಿಯುತ್ತದೆ, ಮಗು ಸಾಲೆಯ ಅಭ್ಯಾಸಕ್ಕೆ ಕುಳಿತಿರುವದು ಅದರ ಪಕ್ಕದಲ್ಲಿಯೇ! ಸೊಳ್ಳೆಯ ಕಾಯಿಲು, ಊದುಬತ್ತಿ, ಧೂಪಗಳೂ ಹೊಗೆಯೇ. ದೇವರ ಮುಂದೆ ತುಪ್ಪದ ದೀಪವೊಂದಿದ್ದರೆ ಭಕ್ತಿಗೆ ಕೊರತೆಯಾಗದು. ಹಳೆಯ ಕೌದಿ, ಗಾದಿಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳುಗಳಿರುವವು. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿರುಬಿಸಿಲಿಗೆ ಹಾಕಬೇಕು. ಕಸವನ್ನು ಮಗುವಿಲ್ಲದಾಗ ಗುಡಿಸಬೇಕು, ಇಲ್ಲವೆ ಒದ್ದೆ ಅರಿವೆಯಿಂದ ಒರಸಬೇಕು. ಇನ್ನು ರವದಿಯ ವಿಷಯ. ಅದನ್ನು ಸುಡದೆ ಹೊಲದಲ್ಲಿಯೇ ಹಾಸಿ ಕೊಳೆಸಿದರೆ ಭೂಮಿಗೆ ಗೊಬ್ಬರವೂ ಊರಿಗೆ ಶುದ್ಧವಾದ ಗಾಳಿಯೂ ದೊರೆಯುವವು. ಹೊಲವುಳ್ಳ ವಾಚಕರು ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬುವೆವು.

ಐದನೆಯದು, ದಮ್ಮಿಗೆ ಜೊತೆಗಾರ ಬೇನೆಗಳಿವೆಯೋ? ಸದಾ ಸೋರುವ ಅಥವಾ ಕಟ್ಟುವ ಮೂಗು, ಗೊರಕೆ, ಹುಳಿತೇಗು, ಅತಿಯಾದ ಮೈತೂಕ, ಮನಸ್ಸಿನ ಕಳವಳ ಇವೆಲ್ಲ ದಮ್ಮನ್ನು ಕೆರಳಿಸುವವು. ಮೂಗಿಗೆ ಉಪಚಾರ ಮಾಡಿದ ಮೇಲೆ ಎದೆ ಹಗುರವಾದ ಮಕ್ಕಳುಂಟು.

ಮೃಗಶಿರಾ ಮಳೆ ಕೂಡುವ ಜೂನ್ ತಿಂಗಳಲ್ಲಿ ಅನೇಕರು ಹೈದರಾಬಾದಿಗೆ ಹೋಗಿ ಬತ್ತಿನಿ ಮನೆತನದವರು ಕೊಡುವ ಮೀನಿನ ಔಷಧವನ್ನು ಮಕ್ಕಳಿಗೆ ನುಂಗಿಸುವರು. ಅವರ ಶ್ರದ್ಧೆಯನ್ನು ನಾವು ಹಳಿಯುವದಿಲ್ಲ. ಆದರೆ ಅದರಿಂದ ದಮ್ಮು ಗುಣವಾಗುವದೆಂದು ವೈದ್ಯಶಾಸ್ತ್ರದ ಪರೀಕ್ಷೆಯಲ್ಲಿ ಸಿದ್ಧವಾಗಿಲ್ಲ. ಹೋದವರೂ ಪಂಪನ್ನು ಮಾತ್ರ ಒಂದು ದಿನವೂ ಬಿಡಕೂಡದು. ಸಾಲೆ ತೆರೆದು ಮಕ್ಕಳಲ್ಲಿ ನೆಗಡಿ ಹಬ್ಬುವದೂ ಅದೇ ಜೂನ್ ತಿಂಗಳಲ್ಲಿ. ಆಸರೆಗಂಬವು ಹೆಚ್ಚು ಬೇಕಾಗುವದು ಆಗಲೇ. ಪ್ರಾಣಾಯಾಮ, ಶುಂಠಿಯ ಕಷಾಯಗಳ ವಿಷಯದಲ್ಲಿಯೂ ಇದೇ ಮಾತು: ಕಂಬದ ಜೊತೆಗೆ ಇರಲಿ, ಕಂಬಕ್ಕೆ ಬದಲಾಗಿ ಬೇಡ.

ಐದು ಪ್ರಶ್ನೆಗಳಿಗೂ ಸಮಾಧಾನ ದೊರೆತು, ಔಷಧ ಕ್ರಮವಾಗಿ ನಡೆದೂ ಹಿಡಿತಕ್ಕೆ ಬಾರದ ದಮ್ಮು ಮಾತ್ರ ನಿಜವಾಗಿ ಉಗ್ರವಾದದ್ದು. ಅಂಥ ಮಕ್ಕಳು ಸ್ವಲ್ಪ ಜನ. ಅವರನ್ನು ತಜ್ಞರಿಗೆ ತೋರಿಸಬೇಕು. ನಮ್ಮವರಿಗೆ ಬೆಳಗಾವಿಯಲ್ಲಿ ಜಿಲ್ಲಾ ಆಸ್ಪತ್ರೆಯುಂಟು, 1963ರಲ್ಲಿ ಸ್ಥಾಪಿತವಾದ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯವುಂಟು. ಬೆಂಗಳೂರಿನಲ್ಲಿ ಮಕ್ಕಳಿಗೇ ಮೀಸಲಾದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯುಂಟು. ಆರು ವರ್ಷ ತುಂಬಿದ, ಒಗ್ಗದಿಕೆಯಿಂದ ಬಂದ ಉಗ್ರ ದಮ್ಮಿನ ಮಕ್ಕಳಿಗೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಚರ್ಮದಡಿಗೆ ಕೊಡುವ ಓಮಾಲಿಜುಮಾಬ್ ಮೊದಲಾದ ಸೂಜಿಮದ್ದುಗಳು ಈಗ ಬಂದಿವೆ. ಬೆಲೆ ಬಹಳ, ಆದಕಾರಣ ಐದು ಪ್ರಶ್ನೆಗಳನ್ನು ದಾಟದೆ ಅವುಗಳಿಗೆ ಕೈಹಚ್ಚುವದು ಜಾಣತನವಲ್ಲ.

ಈ ಬೇನೆ ಕೆಲವರ ಮನೆಯದಷ್ಟೇ ಎಂದು ಭಾವಿಸಬಾರದು. ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಕುರಿತು ಮಾಡಿದ ಅಧ್ಯಯನದಲ್ಲಿ ದಮ್ಮಿನ ಪ್ರಮಾಣವು 1979ರಲ್ಲಿ ಶೇಕಡಾ 9 ಇದ್ದದ್ದು 1999ರಲ್ಲಿ ಶೇಕಡಾ 29.5ಕ್ಕೆ ಏರಿತ್ತು. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಎಲ್ಲ ಮಕ್ಕಳ ಲೆಕ್ಕವಲ್ಲ. ಆದರೂ ಎಚ್ಚರಿಸುವ ಲೆಕ್ಕ.

ಈಗ ಆಪತ್ಕಾಲದ ಮಾತು. ಇದನ್ನು ಮನೆಯ ಎಲ್ಲರೂ ತಿಳಿದಿರಬೇಕು. ಉಸಿರು ಕಟ್ಟಿದ ಮಗುವನ್ನು ಮಲಗಿಸಕೂಡದು. ನೆಟ್ಟಗೆ ಕುಳ್ಳಿರಿಸಿ, ಧೈರ್ಯ ಹೇಳಿ, ತತ್ಕಾಲದ ಔಷಧವನ್ನು ಸ್ಪೇಸರಿನಿಂದ ಒಂದೊಂದೇ ಒತ್ತಾಗಿ, ವೈದ್ಯರು ಬರೆದುಕೊಟ್ಟಷ್ಟು ಸಲ ಕೊಡಬೇಕು. ಮಗುವಿಗೆ ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿದ್ದರೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಸೇದುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ, ಅಥವಾ ಔಷಧ ಕೊಟ್ಟ ನಾಲ್ಕು ತಾಸಿನೊಳಗೆ ಮತ್ತೆ ಬೇಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಫೋನು ಮಾಡಬೇಕು. ದಾರಿಯಲ್ಲಿಯೂ ಪಂಪು ಕೊಡುತ್ತಿರಬೇಕು. ಕಷ್ಟಪಡುತ್ತಿದ್ದ ಮಗುವಿನ ಎದೆಯ ಸೀಟಿ ಒಮ್ಮೆಲೆ ನಿಂತಿತೆಂದು ಹಿಗ್ಗಬಾರದು. ಗಾಳಿಯೇ ಆಡದಾದಾಗಲೂ ಸೀಟಿ ನಿಲ್ಲುವದು. ನಿತ್ಯ ಏನು ಮಾಡಬೇಕು, ಕೆರಳಿದಾಗ ಏನು, ಆಪತ್ತಿನಲ್ಲಿ ಏನು ಎಂಬುದನ್ನು ವೈದ್ಯರಿಂದ ಒಂದು ಹಾಳೆಯ ಮೇಲೆ ಬರೆಯಿಸಿಕೊಂಡು ಅಡಿಗೆಮನೆಯ ಗೋಡೆಗೆ ಅಂಟಿಸಿರಿ. ಅದರ ಪ್ರತಿಯೊಂದು ಸಾಲೆಯ ಮಾಸ್ತರರ ಹತ್ತಿರವೂ ಇರಲಿ.

ಕೊನೆಗೆ ನಮ್ಮ ಸಂಗತಿಯನ್ನು ಮುಗಿಸಬೇಕು. ಹುಡುಗನು ಮನೆಗೆ ಬಂದ ವಾರದಲ್ಲಿ ನಾವೊಬ್ಬರೇ ಚಿಕ್ಕೋಡಿಗೆ ಹೋಗಿ ವೈದ್ಯರೆದುರಿಗೆ ನಿಜವನ್ನು ಹೇಳಿಕೊಂಡೆವು. ಅವರು ಸಿಟ್ಟಾಗಲಿಲ್ಲ. ಒಂದು ಪಂಪು, ಒಂದು ಸ್ಪೇಸರು ನಮ್ಮ ಕೈಗಿತ್ತು, "ಬಿಡಿಸಿದವರು ನೀವು. ಇನ್ನ ಹಚ್ಚೂವ್ರೂ ನೀವಽ ಆಗ್ರಿ" ಎಂದು ಎಳೆಸುವ ರೀತಿಯನ್ನು ಅರ್ಧ ತಾಸು ಕಲಿಸಿದರು. ಆ ಹುಡುಗನ ತಂದೆಯ ಬಳಿಗೂ ಹೋಗಿ ಕ್ಷಮೆ ಬೇಡಿದೆವು. ಆತನು, "ಇರಲಿ ಬಿಡ್ರಿ ಸರ್, ಹುಡುಗ ಉಳದಾನಲ್ಲ" ಎಂದನಷ್ಟೆ. ಮರುದಿನದಿಂದ ಆ ವರ್ಷವಿಡೀ ಸಾಲೆಯ ಪ್ರಾರ್ಥನೆಗೆ ಮುಂಚೆ ಹುಡುಗನು ನಮ್ಮ ಕೋಣೆಗೆ ಬಂದು ಬೆಳಗಿನ ಔಷಧವನ್ನು ನಮ್ಮ ಕಣ್ಣೆದುರಿಗೆ ಎಳೆದುಕೊಳ್ಳುತ್ತಿದ್ದನು. ಸಂಜೆಯದನ್ನು ತಾಯಿ ನೋಡುತ್ತಿದ್ದಳು. ಮುಂದಿನ ಹಂಗಾಮಿನಲ್ಲಿ ಹೊಗೆ ಬಂದಿತು, ಆಪತ್ತು ಬರಲಿಲ್ಲ. ಆಟದ ತಾಸಿನಲ್ಲಿ ಬೇವಿನ ಗಿಡದ ಕೆಳಗೆ ಕುಳಿತಿರುತ್ತಿದ್ದ ಹುಡುಗನು, ವೈದ್ಯರ ಅಪ್ಪಣೆಯಂತೆ ಕೊಕ್ಕೋ ಆಡಿದನು.

ಈಗ ಅವನು ಪ್ರಾಯದವನು; ಸ್ವಂತ ಟ್ರ್ಯಾಕ್ಟರ್ ಹೊಡೆಯುತ್ತಾನೆ. ವೈದ್ಯರು ಔಷಧದ ಪ್ರಮಾಣವನ್ನು ಬಹಳ ಇಳಿಸಿದ್ದಾರೆ, ನಿಲ್ಲಿಸಿಲ್ಲ. ಕಬ್ಬು ಹೇರಿಕೊಂಡು ನಮ್ಮ ಮನೆಯ ಮುಂದೆ ಹಾಯುವಾಗ ಒಮ್ಮೊಮ್ಮೆ ಗಾಡಿ ನಿಲ್ಲಿಸಿ, ನಾವು ಕೇಳುವ ಮುಂಚೆಯೇ, "ಎಳಕೊಂಡೇನ್ರಿ ಸರ್" ಎಂದು ಕೂಗಿ ಹೇಳಿ ಹೋಗುತ್ತಾನೆ.